ಯುಗಾದಿ ಚಂದ್ರನೇ ಈದ್ ಚಂದ್ರ ಆದರೆ ಮಂಗಳೂರಿಗೆ ಒಂದು ದಿನ ಮೊದಲೇ ಹಬ್ಬ ಯಾಕೆ?

ಪಾಳಿಪಟ್ಟಿ_ಗುಮಾಸ್ತ:

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಪಾಳಿ ಪಟ್ಟಿ ಬರೆಯುವುದು ನನ್ನ ಕೆಲಸ. 2024ರ ರಂಜಾನ್ ಹಬ್ಬಕ್ಕೆ ಒಂದು ಎಡವಟ್ಟು ಮಾಡಿಕೊಂಡೆ. ನಮ್ಮಲ್ಲಿ ಪುತ್ತೂರು ಕಡೆಯ ಒಬ್ಬರು, ಶಿವಾಜಿನಗರದ ಇಬ್ಬರು ಇದ್ದಾರೆ. ಸರ್ಕಾರಿ ಪಟ್ಟಿಯಲ್ಲಿ ಖುತುಬ್-ಎ-ರಂಜಾನ್ ಏಪ್ರಿಲ್ 11 ಅಂತ ಇತ್ತು. ಮೂವರಿಗೂ ಅವತ್ತೇ ರಜೆ ಹಾಕಿದೆ. 9ರ ರಾತ್ರಿ ಪುತ್ತೂರಿನವರ ಫೋನು: "ಸರ್, ನಮಗೆ ನಾಳೆಯೇ ಹಬ್ಬ. ಬಸ್ ಸ್ಟ್ಯಾಂಡಿನಲ್ಲಿದ್ದೇನೆ." ನಾನು ನಂಬಲಿಲ್ಲ. ಒಂದೇ ರಾಜ್ಯ, ಒಂದೇ ಧರ್ಮ, ಎರಡು ದಿನ ಹಬ್ಬ ಹೇಗ್ರೀ ಅಂತ ಸ್ವಲ್ಪ ಜೋರಾಗಿಯೇ ಕೇಳಿಬಿಟ್ಟೆ. ಮರುದಿನ ಪೇಪರ್ ನೋಡಿದರೆ ಕರಾವಳಿಯಲ್ಲಿ ನಿಜವಾಗಿಯೂ 10ಕ್ಕೆ ಹಬ್ಬ.

ಇನ್ನೊಂದು ವಿಷಯ. ಆ 9ನೇ ತಾರೀಖು ನಮಗೆ ಯುಗಾದಿ. ಯುಗಾದಿ ಚಂದ್ರನನ್ನು ನೋಡಬೇಕು ಅಂತ ಅಮ್ಮ ಸಂಜೆ ಮಹಡಿ ಮೇಲೆ ನಿಂತಿದ್ದರು. ಪಕ್ಕದ ಮಹಡಿಯಲ್ಲಿ ಶಿವಾಜಿನಗರದಿಂದ ಬಂದು ನೆಲೆಸಿದ ಕುಟುಂಬ, ಅವರೂ ಅದೇ ಮೂಲೆ ನೋಡುತ್ತಿದ್ದರು. ಇಬ್ಬರಿಗೂ ಕಾಣಲಿಲ್ಲ. ನಮ್ಮ ಯುಗಾದಿ ಮಾತ್ರ ಚಂದ್ರ ಕಾಣದೆಯೂ ಆಗಿಹೋಗಿತ್ತು, ಅವರದ್ದು ಮುಂದಕ್ಕೆ ಹೋಯಿತು. ಇದರ ಲೆಕ್ಕ ಗೊತ್ತಿದ್ದವರು ಸ್ವಲ್ಪ ಬಿಡಿಸಿ ಹೇಳ್ತೀರಾ?

ಗದಗಿನ_ಹುಡುಗ:

ನಮ್ಮ ಓಣಿಯಲ್ಲಿ ಈದ್ ಪಾಯಸ ಸುರಕುಂಬಾ ಬಂದದ್ದು 11ಕ್ಕೇ. ಮಂಗಳೂರಿನ ಕಥೆ ಈಗಲೇ ಗೊತ್ತಾಗಿದ್ದು.

ಉಳ್ಳಾಲದವ:

ಗುಮಾಸ್ತರೇ, ನಿಮ್ಮ ಪುತ್ತೂರಿನವರು ಸುಳ್ಳು ಹೇಳಿದ್ದಲ್ಲ ಮಾರಾಯ್ರೆ. ನಾವು ಕರಾವಳಿಯ ಬ್ಯಾರಿಗಳು ಹೆಚ್ಚಾಗಿ ಶಾಫಿ ಪಂಥದವರು. ಘಟ್ಟದ ಮೇಲಿನವರು ಹೆಚ್ಚಿನವರು ಹನಫಿ. ದಕ್ಷಿಣ ಕನ್ನಡ, ಉಡುಪಿಯಲ್ಲಿ ಹಬ್ಬದ ದಿನ ಹೇಳುವವರು ಇಲ್ಲಿನ ಖಾಝಿಗಳು. ಅವರು ಕೇರಳದ ಚಂದ್ರದರ್ಶನವನ್ನು ಒಪ್ಪುತ್ತಾರೆ. ಕಲ್ಲಿಕೋಟೆ ಹತ್ತಿರದ ಕಾಪಾಡ್ ಕಡಲ ಕಿನಾರೆಯ ಹೆಸರು ಕೇಳಿರಬಹುದು, ವಾಸ್ಕೋ ಡ ಗಾಮ ಇಳಿದ ಜಾಗ ಅಂತ ಶಾಲೆಯಲ್ಲಿ ಓದಿದ್ದೇವಲ್ಲ, ಅದೇ. ನಮಗೆ ಮಾತ್ರ ಅದು ಪೆರ್ನಾಲಿನ, ಅಂದರೆ ಈದ್ ಹಬ್ಬದ, ಚಂದ್ರ ಕಾಣುವ ಜಾಗ.

29ನೇ ಉಪವಾಸ ಬಿಟ್ಟ ಮೇಲೆ ಮನೆಯಲ್ಲಿ ಯಾರಿಗೂ ಕುಳಿತಲ್ಲಿ ಕುಳಿತಿರಲು ಆಗುವುದಿಲ್ಲ. ಮಗ್ರಿಬ್ ನಮಾಜ್ ಮುಗಿದ ಕೂಡಲೇ ಫೋನು ಶುರು. "ಕಂಡಿತಾ?" "ಇನ್ನೂ ಇಲ್ಲ." ತಾಯಿ ಒಂದು ಕಣ್ಣು ಒಲೆ ಮೇಲೆ, ಒಂದು ಕಣ್ಣು ನನ್ನ ಮೊಬೈಲ್ ಮೇಲೆ. ಕಂಡಿದೆ ಅಂದರೆ ರಾತ್ರಿಯೇ ಅಡುಗೆ ಆಗಬೇಕು. ಕಾಣಲಿಲ್ಲ ಅಂದರೆ ಬೆಳಗಿನ ಜಾವ ಮತ್ತೆ ಸಹರಿ ಊಟಕ್ಕೆ ಏಳಬೇಕು. ಖಾಝಿಯವರ ಘೋಷಣೆ ಬಂದ ಮೇಲೆ ಮಸೀದಿ ಮೈಕಿನಲ್ಲಿ ತಕ್ಬೀರ್ ಶುರು. ಮುಂದಿನ ಎರಡು ಗಂಟೆ ಬಟ್ಟೆ ಅಂಗಡಿ, ಕೋಳಿ ಅಂಗಡಿಗಳಲ್ಲಿ ಕಾಲಿಡಲು ಜಾಗ ಇರುವುದಿಲ್ಲ.

ನಿಮ್ಮ ಕಣ್ಣಿಗೆ ಅದು ಬರೀ ಒಂದು ಫೋನ್ ಕಾಲ್. ಅವರು ಆ ಫೋನು ಮಾಡುವ ಅರ್ಧ ಗಂಟೆ ಮೊದಲು ಅವರಿಗೇ ಗೊತ್ತಿರಲಿಲ್ಲ, ಆಯ್ತಾ.

ಅಮಾಸೆ_ಲೆಕ್ಕ:

ನಾನು ಹವ್ಯಾಸಕ್ಕೆ ದುರ್ಬೀನು ಇಟ್ಟುಕೊಂಡವನು. ಆಕಾಶದ ಕಡೆಯಿಂದ ಹೇಳುತ್ತೇನೆ.

2024ರ ಏಪ್ರಿಲ್ 8ರಂದು ಅಮೆರಿಕದಲ್ಲಿ ಪೂರ್ಣ ಸೂರ್ಯಗ್ರಹಣ ಆಗಿದ್ದು ನೆನಪಿದೆಯಾ? ಸೂರ್ಯಗ್ರಹಣ ಆಗುವುದು ಅಮಾವಾಸ್ಯೆಯಲ್ಲೇ. ನಮ್ಮ ಗಡಿಯಾರದಲ್ಲಿ ಆ ಅಮಾವಾಸ್ಯೆ ಮುಗಿದದ್ದು 8ರ ರಾತ್ರಿ 11:51ಕ್ಕೆ. ಅಂದರೆ 9ರ ಸಂಜೆ ಸೂರ್ಯ ಮುಳುಗುವಾಗ ಚಂದ್ರನಿಗೆ ಸುಮಾರು 19 ಗಂಟೆ ವಯಸ್ಸು. ಇದು ಪೇಚಿನ ವಯಸ್ಸು. ಪಡುವಣ ಅಂಚು ಶುಭ್ರವಾಗಿದ್ದರೆ ಬರಿಗಣ್ಣಿಗೆ ಸಿಗಬಹುದು. ಹೊಗೆ, ದೂಳು, ಎತ್ತರದ ಕಟ್ಟಡ ಇದ್ದರೆ ಇಲ್ಲ. ಕಾಪಾಡಿನಲ್ಲಿ ಎದುರಿಗೆ ಸಮುದ್ರ. ನಿಮ್ಮ ಮಹಡಿ ಎದುರಿಗೆ ಇನ್ನೊಂದು ಮಹಡಿ.

2025ರಲ್ಲಿ ಯಾಕೆ ಗೊಂದಲ ಆಗಲಿಲ್ಲ ನೋಡಿ. ಮಾರ್ಚ್ 30ರ ಯುಗಾದಿ ಸಂಜೆ ಚಂದ್ರನಿಗೆ ಹತ್ತಿರಹತ್ತಿರ 26 ಗಂಟೆ. ದಪ್ಪಗೆ ಕಂಡ. ಮಂಗಳೂರು, ಬೆಂಗಳೂರು ಎರಡೂ ಕಡೆ 31ಕ್ಕೇ ಈದ್.

ಪೂರ್ವ ಪಶ್ಚಿಮದ ವ್ಯತ್ಯಾಸವೇ ಕಾರಣ ಅಂತ ಕೆಲವರು ಹೇಳುತ್ತಾರೆ. ಬೆಂಗಳೂರಿಗೂ ಮಂಗಳೂರಿಗೂ ಇರುವುದು 11 ನಿಮಿಷ ಅಷ್ಟೆ. ಅದರಿಂದ ದೊಡ್ಡ ವ್ಯತ್ಯಾಸ ಆಗದು. ಇಲ್ಲಿ ವ್ಯತ್ಯಾಸ ಇರುವುದು ಯಾರ ಸಾಕ್ಷಿಯನ್ನು ಯಾರು ಒಪ್ಪುತ್ತಾರೆ ಅನ್ನುವುದರಲ್ಲಿ.

ಕೋಡ್_ಬರೆಯುವವ:

ಇಷ್ಟು ನಿಖರವಾಗಿ ನಿಮಿಷ ಸಮೇತ ಲೆಕ್ಕ ಗೊತ್ತಿರುವಾಗ ನೋಡುವ ಹಟ ಯಾಕೆ? ನಮಾಜಿನ ಹೊತ್ತು ಲೆಕ್ಕದಿಂದಲೇ ಅಲ್ವಾ ಬರುವುದು? ಮೊದಲು ನೆರಳು ಅಳೆಯುತ್ತಿದ್ದರು, ಈಗ ಪ್ರತಿ ಮಸೀದಿ ಗೋಡೆ ಮೇಲೂ ಡಿಜಿಟಲ್ ಗಡಿಯಾರ. ಚಂದ್ರನಿಗೆ ಮಾತ್ರ ಬೇರೆ ನಿಯಮವಾ? ನಾನೂ ರೋಜಾ (ಉಪವಾಸ) ಇಡುವವನೇ, ಕೊಂಕಿಗೆ ಕೇಳುತ್ತಿಲ್ಲ.

ಧಾರವಾಡದ_ಮೇಡಂ:

ಒಳ್ಳೆಯ ಪ್ರಶ್ನೆ ತಮ್ಮಾ. ಇದರ ಮೇಲೆ ಉಲೇಮಾಗಳೇ, ಅಂದರೆ ಧರ್ಮ ಪಂಡಿತರೇ, ನೂರಾರು ವರ್ಷ ವಾದ ಮಾಡಿದ್ದಾರೆ.

"ಚಂದ್ರನನ್ನು ನೋಡಿ ಉಪವಾಸ ಹಿಡಿಯಿರಿ, ನೋಡಿ ಬಿಡಿ, ಮೋಡ ಕವಿದರೆ 30 ಪೂರ್ತಿ ಮಾಡಿ" ಎಂಬ ಹದೀಸ್, ಅಂದರೆ ಪ್ರವಾದಿಯವರ ಮಾತು, ಎಲ್ಲರಿಗೂ ಗೊತ್ತು. ಇನ್ನೊಂದು ಹದೀಸ್ ನನಗೆ ತುಂಬ ಇಷ್ಟ. ಪ್ರವಾದಿಯವರು ಹತ್ತು ಬೆರಳು ಅಗಲಿಸಿ ಮೂರು ಸಲ ತೋರಿಸಿದರು, ಮೂರನೇ ಸಲ ಹೆಬ್ಬೆರಳು ಮಡಚಿದರು. ತಿಂಗಳು ಎಂದರೆ ಇಷ್ಟು, ಅಂದರೆ 29. ಮತ್ತೊಮ್ಮೆ ಮಡಚದೆ ತೋರಿಸಿದರು, 30. ನಾವು ಬರೆಯದ, ಲೆಕ್ಕ ಹಾಕದ ಜನ ಎಂದೂ ಹೇಳಿದರು. ಲೆಕ್ಕ ಬೇಡ ಎನ್ನುವವರು ಈ ಮಾತನ್ನೇ ತೋರಿಸುತ್ತಾರೆ. ಲೆಕ್ಕ ಬೇಕು ಎನ್ನುವವರೂ ಇದನ್ನೇ ತೋರಿಸುತ್ತಾರೆ. ಅವತ್ತು ಬರುತ್ತಿರಲಿಲ್ಲ, ಇವತ್ತು ಬರುತ್ತದೆ, ಕಾರಣ ಹೋದ ಮೇಲೆ ನಿಯಮ ಯಾಕೆ ಎನ್ನುತ್ತಾರೆ.

ಇನ್ನು ಊರೂರಿಗೆ ಬೇರೆ ದಿನ ಆಗುವುದು ಮೊಬೈಲ್ ಕಾಲದ ಗಲಾಟೆ ಅಲ್ಲ. ಹದೀಸ್ ಸಂಗ್ರಹ ಸಹೀಹ್ ಮುಸ್ಲಿಮ್‌ನಲ್ಲಿ ಕುರೈಬ್ ಎಂಬುವರ ಪ್ರಸಂಗ ಬರುತ್ತದೆ. ಅವರು ಸಿರಿಯಾದಿಂದ ಮದೀನಾಕ್ಕೆ ಬಂದರು. ಸಿರಿಯಾದಲ್ಲಿ ಶುಕ್ರವಾರದ ರಾತ್ರಿಯೇ ರಂಜಾನ್ ಚಂದ್ರ ಕಂಡಿತ್ತು. ಮದೀನಾದಲ್ಲಿ ಕಂಡದ್ದು ಶನಿವಾರದ ರಾತ್ರಿ. ಸಿರಿಯಾದವರು ನೋಡಿದ್ದು ಸಾಲದೇ ಎಂದು ಕೇಳಿದಾಗ ಪ್ರವಾದಿಯವರ ಸಂಗಾತಿ ಇಬ್ನ್ ಅಬ್ಬಾಸ್ ಅವರು ಸಾಲದು ಎಂದರು, ನಾವು ನಮ್ಮ ಲೆಕ್ಕದಂತೆ 30 ಮುಗಿಸುತ್ತೇವೆ ಅಥವಾ ಚಂದ್ರನನ್ನು ನೋಡುತ್ತೇವೆ ಎಂದರು. ಶಾಫಿಗಳು ಇದರ ಮೇಲೆ ನಿಂತು, ದೂರದ ಊರಿಗೆ ಅದರದೇ ಚಂದ್ರ ಎಂದರು. ಹಳೆಯ ಹನಫಿ ಗ್ರಂಥಗಳಲ್ಲಿ ಮಾತ್ರ ಒಂದು ಕಡೆ ಕಂಡರೆ ಎಲ್ಲ ಕಡೆಗೂ ಸಾಕು ಎಂಬ ಅಭಿಪ್ರಾಯವೇ ಪ್ರಬಲ. ಹಾಗೆ ನೋಡಿದರೆ ಕೇರಳದ ಚಂದ್ರನನ್ನು ಬೆಂಗಳೂರು ಒಪ್ಪಬೇಕಿತ್ತು ಅಲ್ವಾ? ಅಲ್ಲೇ ಸಾಕ್ಷಿಯ ಪ್ರಶ್ನೆ ಬರುತ್ತದೆ. ಆಕಾಶ ಶುಭ್ರವಾಗಿದ್ದರೆ ಹನಫಿಗಳಿಗೆ ಒಬ್ಬಿಬ್ಬರು ಕಂಡದ್ದು ಸಾಲದು, ಬಹಳ ಜನಕ್ಕೆ ಕಾಣಬೇಕು. ಮೋಡ ಇದ್ದರೆ ರಂಜಾನ್ ಶುರುವಿಗೆ ಒಬ್ಬರು ಸಾಕು, ಈದ್‌ಗೆ ಇಬ್ಬರು ಬೇಕು. ಉಪವಾಸ ಹಿಡಿಯುವುದಕ್ಕಿಂತ ಬಿಡುವುದಕ್ಕೆ ಜಾಸ್ತಿ ಎಚ್ಚರ.

ಕೋಡ್_ಬರೆಯುವವ:

ಸರಿ ಮೇಡಂ. ಆದರೆ ಲೆಕ್ಕ ಒಪ್ಪಿದ ದೇಶಗಳಲ್ಲಿ ಈ ತಾಪತ್ರಯ ಇಲ್ಲ ಅಲ್ವಾ? ಟರ್ಕಿಯಲ್ಲಿ ವರ್ಷ ಮೊದಲೇ ಗೊತ್ತು.

ಅಮಾಸೆ_ಲೆಕ್ಕ:

ದೇಶದ ಒಳಗೆ ಇಲ್ಲ. ದೇಶ ದೇಶದ ನಡುವೆ ಇದೆ. ಲೆಕ್ಕ ಎಂದರೆ ಯಾವ ಲೆಕ್ಕ? ಸೌದಿಯ ಉಮ್ಮುಲ್ ಕುರಾ ಕ್ಯಾಲೆಂಡರಿಗೆ ಮೆಕ್ಕಾದಲ್ಲಿ ಸೂರ್ಯ ಮುಳುಗುವ ಮುಂಚೆ ಅಮಾವಾಸ್ಯೆ ಮುಗಿದು, ಚಂದ್ರ ಸೂರ್ಯನ ನಂತರ ಮುಳುಗಿದರೆ ಸಾಕು. ಕಣ್ಣಿಗೆ ಕಾಣಬೇಕೆಂದಿಲ್ಲ. ಮಲೇಷ್ಯಾ, ಇಂಡೋನೇಷ್ಯಾ ಕಡೆ ಚಂದ್ರ 3 ಡಿಗ್ರಿ ಎತ್ತರದಲ್ಲಿರಬೇಕು, ಸೂರ್ಯನಿಂದ 6.4 ಡಿಗ್ರಿ ದೂರ ಇರಬೇಕು. ಟರ್ಕಿಯದು ಇನ್ನೊಂದು. ಆ ಉಮ್ಮುಲ್ ಕುರಾ ಕೂಡ ಕಚೇರಿ ವ್ಯವಹಾರಕ್ಕೆ. ರಂಜಾನ್, ಈದ್ ಬಂದಾಗ ಸೌದಿಯಲ್ಲೂ ಕಂಡವರ ಸಾಕ್ಷಿ ಕೇಳುತ್ತಾರೆ. 2025ರ ಮಾರ್ಚ್ 29ರ ಸಂಜೆ ಮೆಕ್ಕಾದಲ್ಲಿ ಚಂದ್ರನಿಗೆ 5 ಗಂಟೆಯೂ ತುಂಬಿರಲಿಲ್ಲ. ಆದರೂ ಮರುದಿನ ಅಲ್ಲಿ ಈದ್ ಆಯಿತು. ಖಗೋಳದವರು ತಲೆ ಚಚ್ಚಿಕೊಂಡರು.

ಬ್ರಹ್ಮಾವರದ_ಭಟ್ರು:

ನಾವು ಪಂಚಾಂಗದವರು ಲೆಕ್ಕದಲ್ಲೇ ಇರುವುದು. ನಮ್ಮಲ್ಲಿ ಜಗಳ ಇಲ್ಲ ಅಂದವರು ಯಾರು? ಸ್ಮಾರ್ತರ ಏಕಾದಶಿ ಒಂದು ದಿನ, ವೈಷ್ಣವರ ಏಕಾದಶಿ ಇನ್ನೊಂದು ದಿನ ಬರುವುದುಂಟು. ಉಡುಪಿ ಕೃಷ್ಣಮಠದ ಅಷ್ಟಮಿ ಸೌರಮಾನದ ಸಿಂಹ ಮಾಸದಲ್ಲಿ. ಉಳಿದ ಕಡೆ ಶ್ರಾವಣದಲ್ಲಿ. ಕೆಲವು ವರ್ಷ ಎರಡರ ನಡುವೆ ತಿಂಗಳೇ ವ್ಯತ್ಯಾಸ. ಗುಮಾಸ್ತರೇ, ಅದಕ್ಕೆ ಯಾರ ಮೇಲೂ ಜೋರು ಮಾಡಿಲ್ಲ ಅಲ್ವಾ ನೀವು?

ಪಾಳಿಪಟ್ಟಿ_ಗುಮಾಸ್ತ:

ಇಲ್ಲ ಭಟ್ರೇ, ಸಿಕ್ಕಿಬಿದ್ದೆ. ಸೋಮವಾರ ಪುತ್ತೂರಿನವರಿಗೆ ಕಾಫಿ ಕೊಡಿಸುತ್ತೇನೆ.

ಇನ್ನೊಂದು ಅನುಮಾನ. 2024, 2025 ಎರಡೂ ವರ್ಷ ಯುಗಾದಿ ಬೆನ್ನಿಗೇ ಈದ್ ಬಂತು. ನಾನು ಚಿಕ್ಕವನಿದ್ದಾಗ ಹೀಗಿರಲಿಲ್ಲ. ರಂಜಾನ್ ಚಳಿಗಾಲದಲ್ಲಿ ಬಂದದ್ದು ನೆನಪಿದೆ. ಹಾಗಾದರೆ ಈಗ ಪ್ರತಿ ವರ್ಷವೂ ಹೀಗೇನಾ?

ಅಮಾಸೆ_ಲೆಕ್ಕ:

ಅಲ್ಲ. 2026ರಲ್ಲೂ ಜೊತೆಗೇ. ಯುಗಾದಿ ಮಾರ್ಚ್ 19, ಈದ್ ಅದರ ಬೆನ್ನಿಗೆ. ಆಮೇಲೆ ಜೋಡಿ ಬಿಟ್ಟುಹೋಗುತ್ತದೆ. ಯಾಕೆಂದರೆ 2026ರಲ್ಲಿ ನಮ್ಮ ಪಂಚಾಂಗಕ್ಕೆ ಅಧಿಕ ಜ್ಯೇಷ್ಠ ಬರುತ್ತದೆ.

ಇಬ್ಬರೂ ಎಣಿಸುವುದು ಅದೇ ಚಂದ್ರನನ್ನು. ತಿಂಗಳಿಗೆ 29 ದಿನ 12 ಗಂಟೆ 44 ನಿಮಿಷ. ಹನ್ನೆರಡು ತಿಂಗಳಿಗೆ 354 ದಿನ, ಮೇಲೆ ಒಂಬತ್ತು ಗಂಟೆಗೆ ಸ್ವಲ್ಪ ಕಡಿಮೆ. ಸೂರ್ಯನ ವರ್ಷಕ್ಕೆ ಸುಮಾರು 11 ದಿನ ಸಾಲ ಉಳಿಯಿತು. ನಾವು ಆ ಸಾಲ ಗುಡ್ಡೆ ಹಾಕಿ, ಮೂರು ವರ್ಷಕ್ಕೆ ಸ್ವಲ್ಪ ಮೊದಲೇ ಒಂದು ಅಧಿಕ ಮಾಸ ಸೇರಿಸಿ ತೀರಿಸುತ್ತೇವೆ. ಅವರು ತೀರಿಸುವುದಿಲ್ಲ, ಹಬ್ಬವನ್ನೇ ಹಿಂದಕ್ಕೆ ಸರಿಯಲು ಬಿಡುತ್ತಾರೆ.

2023ರಲ್ಲಿ ಯುಗಾದಿಯ ಹೊಸ ಚಂದ್ರ ರಂಜಾನ್ ತಿಂಗಳ ಚಂದ್ರ ಆಗಿದ್ದ. ಆ ವರ್ಷ ಅಧಿಕ ಶ್ರಾವಣ ಬಂತು. ಹಾಗಾಗಿ 2024ರಲ್ಲಿ ಯುಗಾದಿ ಚಂದ್ರ ರಂಜಾನಿನ ಮುಂದಿನ ತಿಂಗಳಾದ ಶವ್ವಾಲಿನ ಚಂದ್ರ ಆದ, ಅಂದರೆ ಈದ್ ಚಂದ್ರ. 2026ರ ಅಧಿಕ ಮಾಸ ಆದ ಮೇಲೆ ಅದೇ ಯುಗಾದಿ ಚಂದ್ರ ಜುಲ್‌ಕಾದಾ ತಿಂಗಳಿಗೆ ಹೋಗುತ್ತಾನೆ. 2027ರಲ್ಲಿ ಈದ್ ಮಾರ್ಚ್ ಮೊದಲ ಭಾಗಕ್ಕೆ, ಯುಗಾದಿ ಏಪ್ರಿಲ್ 7ಕ್ಕೆ. ಪ್ರತಿ ಅಧಿಕ ಮಾಸಕ್ಕೂ ಒಂದೊಂದು ಮೆಟ್ಟಿಲು.

2030ರಲ್ಲಿ ರಂಜಾನ್ ತಿಂಗಳೇ ಎರಡು ಸಲ ಶುರುವಾಗುತ್ತದೆ, ಜನವರಿ ಮೊದಲ ವಾರ ಒಮ್ಮೆ, ಡಿಸೆಂಬರ್ ಕೊನೆಗೆ ಇನ್ನೊಮ್ಮೆ. ಗುಮಾಸ್ತರು ಈಗಲೇ ಬರೆದಿಟ್ಟುಕೊಳ್ಳಲಿ.

ಧಾರವಾಡದ_ಮೇಡಂ:

ಅಧಿಕ ಮಾಸ ಅರಬರಿಗೂ ಗೊತ್ತಿತ್ತು. ನಸೀ ಎನ್ನುತ್ತಿದ್ದರು. ಯುದ್ಧ ಮಾಡಬಾರದ ನಾಲ್ಕು ಪವಿತ್ರ ತಿಂಗಳುಗಳಿದ್ದವು, ಜುಲ್‌ಕಾದಾ, ಜುಲ್‌ಹಿಜ್ಜಾ, ಮುಹರಂ, ರಜಬ್. ಅವುಗಳನ್ನು ಬೇಕಾದಂತೆ ಹಿಂದೆ ಮುಂದೆ ತಳ್ಳುತ್ತಿದ್ದರು. ಕುರ್‌ಆನಿನ ಒಂಬತ್ತನೇ ಅಧ್ಯಾಯ ತಿಂಗಳು ಹನ್ನೆರಡೇ ಎಂದು ಹೇಳಿ ನಸೀಯನ್ನು ನಿಲ್ಲಿಸಿತು. ಅದಕ್ಕೇ ರಬೀ ಎಂದರೆ ವಸಂತ ಎಂದು ಅರ್ಥ ಇದ್ದರೂ ರಬೀಉಲ್ ಅವ್ವಲ್ ನಮ್ಮ ಮಳೆಗಾಲದಲ್ಲೂ ಬರುತ್ತದೆ. ರಮದಾನ್ ಹೆಸರಿನಲ್ಲಿ ಸುಡುವ ಬಿಸಿ ಇದೆ, ಡಿಸೆಂಬರಿಗೂ ಬರುತ್ತದೆ. ಹೆಸರು ಉಳಿಯಿತು, ಋತು ಹೋಯಿತು.

ಹಿಜರಿ ಎಂದು ವರ್ಷ ಎಣಿಸುವುದು ಶುರುವಾದದ್ದು ಖಲೀಫ ಉಮರ್ ಅವರ ಕಾಲದಲ್ಲಿ, 638ರ ಹೊತ್ತಿಗೆ. ಪ್ರವಾದಿಯವರು ಮೆಕ್ಕಾ ಬಿಟ್ಟು ಮದೀನಾಕ್ಕೆ ಹೋದ 622ನ್ನು ಮೊದಲ ವರ್ಷ ಮಾಡಿಕೊಂಡರು.

ಲೆಸ್ಟರ್_ಕನ್ನಡತಿ:

ಹಬ್ಬ ಸರಿಯುವುದು ಒಳ್ಳೆಯದೇ ಅಂತ ಇಲ್ಲಿ ಬಂದ ಮೇಲೆ ಅರ್ಥವಾಯಿತು. ಊರಲ್ಲಿ ರೋಜಾ ಯಾವ ಋತುವಿನಲ್ಲಿ ಬಂದರೂ 13, 14 ಗಂಟೆ. ಇಂಗ್ಲೆಂಡಿನಲ್ಲಿ 2015ರ ಜೂನ್ ರಂಜಾನ್ ನನ್ನ ಮೊದಲ ರಂಜಾನ್. ರಾತ್ರಿ ಒಂಬತ್ತೂವರೆಗೆ ಇಫ್ತಾರ್! ಹದಿನೆಂಟು ಗಂಟೆ ದಾಟಿದ ಉಪವಾಸ. ಉಂಡು ತರಾವೀಹ್ ನಮಾಜ್ ಮುಗಿಸುವಷ್ಟರಲ್ಲಿ ಸಹರಿ. ಚಳಿಗಾಲದ ರಂಜಾನ್ ಬರಲಿ ಅಂತ ಕಾಯುತ್ತಿದ್ದೇನೆ, ಆಗ ಮಧ್ಯಾಹ್ನ ನಾಲ್ಕಕ್ಕೇ ಇಫ್ತಾರ್. ಹಬ್ಬ ಒಂದೇ ಜಾಗದಲ್ಲಿ ನಿಂತಿದ್ದರೆ ಒಂದು ದೇಶಕ್ಕೆ ಯಾವತ್ತೂ ಉದ್ದ, ಒಂದಕ್ಕೆ ಯಾವತ್ತೂ ಗಿಡ್ಡ ಆಗುತ್ತಿತ್ತು.

ಮತ್ತೆ, ಎರಡು ಈದ್ ಇಲ್ಲೂ ಉಂಟು. ಒಂದೇ ಬೀದಿಯಲ್ಲಿ. ಒಬ್ಬರು ಸೌದಿ ನೋಡುತ್ತಾರೆ, ಇನ್ನೊಬ್ಬರು ಮೊರಾಕೊ ನೋಡುತ್ತಾರೆ.

ಪೀರಲ_ಹಬ್ಬದವ:

ನಾನು ರಾಯಚೂರು ಜಿಲ್ಲೆಯವ. ನಮ್ಮನೆಯವರು ಲಿಂಗಾಯತರು. ನಮಗೆ ರಂಜಾನ್ ತಾರೀಖು ತಿಳಿಯದೆ ಇರಬಹುದು, ಮೊಹರಂ ತಾರೀಖು ತಿಳಿಯದೆ ಇರೋದಿಲ್ಲ. ಅಮಾಸಿ ಮುಗಿದು ಚಂದ್ರ ಕಂಡರೆ ಬೆಂಕಿ ಹಾಕುವ ಅಲಾಯಿ ಕುಣಿಗೆ ಗುದ್ದಲಿ ಬೀಳುತ್ತದೆ. ಅಲ್ಲಿಂದ ಎಣಿಕೆ. ಪಂಜಾಗಳನ್ನು ತೊಳೆದು ಕೂರಿಸೋದು, ಸಕ್ಕರೆ ಓದಿಸೋದು, ಚೊಂಗೆ ಮಾಡೋದು, ಒಂಬತ್ತನೇ ರಾತ್ರಿ ಖತಾಲ್ ರಾತ್ರಿ, ಹತ್ತಕ್ಕೆ ದೇವರು ಹೊಳೆಗೆ ಹೋಗೋದು. ಹರಕೆ ಹೊತ್ತವರು ಕೊರಳಿಗೆ ಕೆಂಪು ಲಾಡಿ ಹಾಕಿ ಫಕೀರರಾಗುತ್ತಾರೆ, ನಾನೂ ಎರಡು ಸಲ ಆಗಿದ್ದೇನೆ. ಮುದಗಲ್ಲಿನ ಮೊಹರಂ ನೋಡದವರು ಒಮ್ಮೆ ಬನ್ನಿ, ಆ ಜನಸಾಗರ ಹೇಳಿದರೆ ತಿಳಿಯೋದಿಲ್ಲ.

1999ರಲ್ಲಿ ಮೊಹರಂ ಏಪ್ರಿಲ್ ಕೊನೆಗೆ ಬಂದಿತ್ತು. ಬರಿಗಾಲಲ್ಲಿ ಕುಣಿದರೆ ಅಂಗಾಲು ಸುಡುತ್ತಿತ್ತು. 2024ರಲ್ಲಿ ಜುಲೈ 17, 2025ರಲ್ಲಿ ಜುಲೈ 6. ಈಗ ಬಿತ್ತನೆ ದಿನ. ಹೆಜ್ಜೆ ಕುಣಿತದ ಹುಡುಗರು ಹೊಲದಿಂದ ನೇರ ಬರುತ್ತಾರೆ, ಕಾಲಲ್ಲಿ ಎರೆಮಣ್ಣು ಹಾಗೇ ಇರುತ್ತದೆ.

ತುಮಕೂರು_ಸೀಮೆ:

ನಮ್ಮ ಕಡೆ ಇದನ್ನೇ ಬಾಬಯ್ಯನ ಹಬ್ಬ ಅಂತಾರೆ. ಮೊಹರಂ ಮುಸ್ಲಿಮರ ಹೊಸ ವರ್ಷ ಅಲ್ವಾ, ಹ್ಯಾಪಿ ನ್ಯೂ ಇಯರ್ ಅಂತ ಆಫೀಸಲ್ಲಿ ಮೆಸೇಜ್ ಹಾಕಿದ್ದೆ. ಯಾರೂ ಉತ್ತರ ಕೊಡಲಿಲ್ಲ.

ಧಾರವಾಡದ_ಮೇಡಂ:

ವರ್ಷದ ಮೊದಲ ತಿಂಗಳು ಹೌದು. ಆದರೆ ಹತ್ತನೇ ದಿನ ಕರ್ಬಲಾದಲ್ಲಿ ಇಮಾಮ್ ಹುಸೇನರು ಮಡಿದ ದಿನ, 680ರಲ್ಲಿ. ಶಿಯಾಗಳಿಗೆ ಅದು ಶೋಕದ ತಿಂಗಳು. ಸುನ್ನಿಗಳಲ್ಲಿ ಬಹಳ ಜನ 9, 10ಕ್ಕೆ ಉಪವಾಸ ಇರುತ್ತಾರೆ. ಶುಭಾಶಯ ಹಾಕದಿದ್ದರೆ ಯಾರೂ ತಪ್ಪು ತಿಳಿಯುವುದಿಲ್ಲ ಬಿಡಿ.

ಹಳೇ_ನಾಣ್ಯ:

ತಡವಾಗಿ ಬಂದೆ. ಅಧಿಕ ಮಾಸ ಬೇಡ ಎನ್ನುವುದು ಧರ್ಮಕ್ಕೆ ಸರಿ, ಕಂದಾಯ ವಸೂಲಿ ಮಾಡುವವನಿಗೆ ತಲೆನೋವು. ಬೆಳೆ ಬರುವುದು ಸೂರ್ಯನ ವರ್ಷಕ್ಕೆ. ಚಂದ್ರನ ವರ್ಷಕ್ಕೆ ಕಂದಾಯ ಕೇಳಿದರೆ ರೈತ 32 ಬೆಳೆ ತೆಗೆದು 33 ಕಂದಾಯ ಕಟ್ಟಬೇಕು.

ನಮ್ಮ ದಖ್ಖನ್ನಿನಲ್ಲಿ ಇದಕ್ಕೆ ಉಪಾಯ ಇತ್ತು. 1344ರಿಂದ ಶುಹೂರ್ ಸನ್ ಎಂಬ ಎಣಿಕೆ ಬಂತು. ವಿಜಯಪುರದ ಆದಿಲ್‌ಶಾಹಿಗಳೂ, ಮರಾಠರೂ ಬಳಸಿದರು. ಅಂಕಿಯ ಹೆಸರು ಅರಬಿ, ಆದರೆ ವರ್ಷ ಶುರುವಾಗುವುದು ಮಿರಗ, ಅಂದರೆ ಮೃಗಶಿರಾ ಮಳೆ ನಕ್ಷತ್ರ, ಹೊಕ್ಕ ದಿನ. ಮಿರಗದ ಮಳೆಗೆ ಬಿತ್ತುವ ರೈತನಿಗೆ ಬೇರೆ ಕ್ಯಾಲೆಂಡರ್ ಬೇಕೇ ಆಗಲಿಲ್ಲ. ನಿಜಾಮರ ಕಡೆ ಫಸಲಿ, ಫಸಲು ಅನ್ನುವ ಮಾತೇ ಅದರಲ್ಲಿದೆ.

ಟಿಪ್ಪು ಸುಲ್ತಾನ್ ಇನ್ನೂ ಮುಂದೆ ಹೋದ. 1787ರ ಹೊತ್ತಿಗೆ ಮೌಲೂದಿ ಎಂಬ ತನ್ನದೇ ಶಕೆ ತಂದ. ಹೆಸರೆಲ್ಲ ಬೇರೆ, ಅಹಮದಿ, ಬಹಾರಿ, ಜಾಫರಿ ಎಂದೆಲ್ಲ. ಒಳಗಿನ ಎಲುಬು ಮಾತ್ರ ಪೂರ್ತಿ ನಮ್ಮ ಪಂಚಾಂಗ. ಅಹಮದಿ ಎಂದರೆ ಚೈತ್ರ. ಪ್ರಭವ, ವಿಭವದ ಹಾಗೆ 60 ವರ್ಷಕ್ಕೂ ಹೊಸ ಹೆಸರು. ಅಧಿಕ ಮಾಸವೂ ಇತ್ತು. ಆನೆ ಚಿತ್ರದ ತಾಮ್ರದ ಕಾಸುಗಳಲ್ಲಿ ಇದು ಸಿಗುತ್ತದೆ. ವರ್ಷದ ಅಂಕಿಯನ್ನು ಬಲದಿಂದ ಎಡಕ್ಕೆ ಓದಬೇಕು. ನಾನು ಮೊದಲ ಸಲ 5121 ಎಂದು ಓದಿ ಅಂಗಡಿಯವನ ಹತ್ತಿರ ನಕಲಿ ಎಂದು ಜಗಳ ಆಡಿದ್ದೆ. ಅದು 1215. 1799ರಲ್ಲಿ ಶ್ರೀರಂಗಪಟ್ಟಣದ ಜೊತೆ ಆ ಕ್ಯಾಲೆಂಡರೂ ಮುಗಿಯಿತು.

ಉಳ್ಳಾಲದವ:

ಇದು ಗೊತ್ತೇ ಇರಲಿಲ್ಲ! ನನ್ನ ಉಮ್ಮನಿಗೆ 70 ವರ್ಷ. ಚಂದ್ರನ ಲೆಕ್ಕದಲ್ಲಿ ಎಷ್ಟು?

ಕೋಡ್_ಬರೆಯುವವ:

ವರ್ಷಕ್ಕೆ 11 ದಿನ ಅಂದರೆ 70ಕ್ಕೆ 770 ದಿನ. 72 ತುಂಬಿದೆ. ಇದೇ ಲೆಕ್ಕ ಕಡ್ಡಾಯ ದಾನವಾದ ಜಕಾತ್‌ಗೂ ಬರುತ್ತದೆ. ಮಾರ್ಚ್ 31ಕ್ಕೆ ಲೆಕ್ಕ ಮುಗಿಸಿ 2.5 ಶೇಕಡಾ ಕೊಡುವ ವ್ಯಾಪಾರಿಗಳು ಗಮನಿಸಿ. ಆ 2.5 ಚಂದ್ರನ ವರ್ಷಕ್ಕೆ. ಸೂರ್ಯನ ವರ್ಷ ಹಿಡಿದರೆ 2.577. ಲಕ್ಷಕ್ಕೆ 77 ರೂಪಾಯಿ ಜಾಸ್ತಿ.

ಉಳ್ಳಾಲದವ:

ಉಮ್ಮನಿಗೆ 72 ಅಂತ ಹೇಳಿದೆ. ಬೈಸಿಕೊಂಡೆ.

ಪಾಳಿಪಟ್ಟಿ_ಗುಮಾಸ್ತ:

ಬಹಳ ಉಪಕಾರ ಎಲ್ಲರಿಗೂ. ಇವತ್ತು ಪುತ್ತೂರಿನವರ ಜೊತೆ ಕಾಫಿ ಆಯಿತು. ಅವರೇ ಒಂದು ದಾರಿ ಹೇಳಿದರು. ಸರ್ಕಾರಿ ರಜಾ ಪಟ್ಟಿಯ ಕೆಳಗೆ ಸಣ್ಣ ಅಕ್ಷರದಲ್ಲಿ ಒಂದು ಸಾಲು ಇರುತ್ತಂತೆ, ಹಬ್ಬ ಆ ದಿನ ಬೀಳದಿದ್ದರೆ ಮುಸ್ಲಿಂ ನೌಕರರಿಗೆ ಬದಲಿ ದಿನ ಕೊಡಬಹುದು ಅಂತ. ತೆಗೆದು ನೋಡಿದೆ, ಇದೆ! ಇಷ್ಟು ವರ್ಷ ಅದೇ ಪಟ್ಟಿ ನೋಡಿ ಪಾಳಿ ಬರೆದಿದ್ದೇನೆ, ಕೆಳಗಿನವರೆಗೆ ಓದಿರಲಿಲ್ಲ. ಇನ್ನು ಮುಂದೆ ರಂಜಾನಿಗೆ ಎರಡೂ ದಿನ ಒಬ್ಬೊಬ್ಬರನ್ನು ಬದಲಿ ಇಡುತ್ತೇನೆ. ಬಕ್ರೀದ್‌ಗೂ ಹಾಗೇ ಮಾಡಬೇಕಾ?

ಧಾರವಾಡದ_ಮೇಡಂ:

ಬೇಡ. ಬಕ್ರೀದ್ ಜುಲ್‌ಹಿಜ್ಜಾ ತಿಂಗಳ 10ಕ್ಕೆ. ಚಂದ್ರ ಕಂಡ ಮೇಲೆ ಒಂಬತ್ತು ದಿನ ಕೈಯಲ್ಲಿರುತ್ತದೆ, ಪಟ್ಟಿ ಆರಾಮಾಗಿ ಬರೆಯಬಹುದು. ರಾತ್ರಿ ಫೋನು ಬರುವುದು ಈದುಲ್ ಫಿತ್ರ್‌ಗೆ ಮಾತ್ರ.

ಉಳ್ಳಾಲದವ:

ಒಂಬತ್ತು ದಿನ ಇದ್ದರೂ ನಾವು ಬಸ್ ಟಿಕೆಟ್ ಮಾಡುವುದು ಹಿಂದಿನ ರಾತ್ರಿಯೇ. ಅದಕ್ಕೆ ಚಂದ್ರನನ್ನು ದೂರಬೇಡಿ.